ಮಲಗಿ, ಮಂಡಿಯೂರಿ, ನಿಂತು

1860ರ ಜುಲೈ 2ರಂದು ಲಂಡನ್ನಿನ ಹತ್ತಿರದ ವಿಂಬಲ್ಡನ್ ಬಯಲಿನಲ್ಲಿ ವಿಕ್ಟೋರಿಯಾ ರಾಣಿ ರೈಫಲ್ಲಿನಿಂದ ಒಂದು ಗುಂಡು ಹಾರಿಸಿದಳು. ಅಲ್ಲಿನ ರಾಷ್ಟ್ರೀಯ ರೈಫಲ್ ಸಂಘದ ಮೊದಲ ಸ್ಪರ್ಧೆಯ ಉದ್ಘಾಟನೆ ಅದು. 400 ಗಜ ದೂರದಲ್ಲಿದ್ದ ಗುರಿಹಲಗೆಯ ನಟ್ಟನಡುವಿನಿಂದ ಎರಡು ಅಂಗುಲವೂ ಆಚೀಚೆಯಾಗದಂತೆ ಗುಂಡು ಹೋಗಿ ನಾಟಿತು. ನೆರೆದವರೆಲ್ಲ ಚಪ್ಪಾಳೆ ತಟ್ಟಿದ್ದರೆ ಆಶ್ಚರ್ಯವೇನಿಲ್ಲ. ಆದರೆ ರಾಣಿ ಬಂದೂಕನ್ನು ಹೆಗಲಿಗೆ ಏರಿಸಿರಲೇ ಇಲ್ಲ. ಜೋಸೆಫ್ ವಿಟ್ವರ್ತ್ ಎಂಬ ಎಂಜಿನಿಯರು ತಾನೇ ರೂಪಿಸಿದ ರೈಫಲ್ಲನ್ನು ಕಬ್ಬಿಣದ ಆಸರೆಯ ಮೇಲೆ ಬಿಗಿದು, ಗುರಿ ಹೊಂದಿಸಿ, ಕುದುರೆಗೆ ರೇಷ್ಮೆಯ ದಾರ ಕಟ್ಟಿಟ್ಟಿದ್ದ. ರಾಣಿ ದಾರವನ್ನು ಎಳೆದಳು, ಅಷ್ಟೆ.

ಇದನ್ನು ಓದಿ ನಕ್ಕು ಬಿಡಬಹುದು. ಆದರೆ ಗುರಿಕಾರಿಕೆಯ ಮೊದಲ ಪಾಠ ಇದರಲ್ಲೇ ಇದೆ. ಒಳ್ಳೆಯ ಬಂದೂಕು ತನ್ನಷ್ಟಕ್ಕೆ ತಪ್ಪುವುದಿಲ್ಲ. ಅದನ್ನು ಹೊತ್ತಿರುವ ಆಸರೆ ಅಲುಗಿದಾಗ ತಪ್ಪುತ್ತದೆ. ರಾಣಿಗೆ ಕಬ್ಬಿಣದ ಆಸರೆ ಇತ್ತು. ಉಳಿದವರು ತಮ್ಮ ಮೈಯನ್ನೇ ಆಸರೆ ಮಾಡಿಕೊಳ್ಳಬೇಕು.

ನಾವು ಸೂಜಿಗೆ ದಾರ ಪೋಣಿಸುವಾಗ ಏನು ಮಾಡುತ್ತೇವೆ, ನೆನಪಿಸಿಕೊಳ್ಳಿ. ಮೊಣಕೈಯನ್ನು ತೊಡೆಗೋ ಮಂಚದ ಅಂಚಿಗೋ ಊರುತ್ತೇವೆ, ಒಂದು ಕ್ಷಣ ಉಸಿರು ಹಿಡಿಯುತ್ತೇವೆ. ನಡೆಯುತ್ತಾ ಯಾರೂ ದಾರ ಪೋಣಿಸುವುದಿಲ್ಲ. ದುರ್ಬೀನಿಲ್ಲದ, ಬರಿಯ ಕಬ್ಬಿಣದ ಸೈಟುಗಳಿರುವ ರೈಫಲ್ಲಿನಲ್ಲಿ ಗುರಿ ಹಿಡಿಯುವುದೂ ಇದೇ ಕೆಲಸ. ಕಣ್ಣಿನ ಹತ್ತಿರ ಬ್ಯಾಕ್‌ಸೈಟ್, ನಳಿಗೆಯ ತುದಿಯಲ್ಲಿ ಫೋರ್‌ಸೈಟ್, ಅದರಾಚೆ ಗುರಿ. ಕಣ್ಣು ಈ ಮೂರನ್ನೂ ಒಟ್ಟಿಗೆ ಸ್ಪಷ್ಟವಾಗಿ ಕಾಣಲಾರದು. ಆದ್ದರಿಂದ ಫೋರ್‌ಸೈಟನ್ನು ಸ್ಪಷ್ಟವಾಗಿ ನೋಡಿ, ಗುರಿ ತುಸು ಮಸುಕಾದರೂ ಇರಲಿ ಎಂದು ಕಲಿಸುತ್ತಾರೆ. ಎರಡು ಸೈಟುಗಳ ನಡುವೆ ಅರ್ಧ ಮೀಟರ್ ಅಂತರವಿದೆ ಎಂದಿಟ್ಟುಕೊಳ್ಳಿ. ಅವುಗಳ ಹೊಂದಾಣಿಕೆ ಒಂದೇ ಒಂದು ಮಿಲಿಮೀಟರ್ ತಪ್ಪಿದರೆ 50 ಮೀಟರ್ ದೂರದಲ್ಲಿ ಗುಂಡು 10 ಸೆಂಟಿಮೀಟರ್ ಆಚೆ ಹೋಗುತ್ತದೆ. ಒಲಿಂಪಿಕ್ಸ್‌ನ 50 ಮೀಟರ್ ಸ್ಪರ್ಧೆಯಲ್ಲಿ ಹತ್ತು ಅಂಕ ಕೊಡುವ ನಡುವೃತ್ತದ ಅಗಲ ಕೇವಲ 10.4 ಮಿಲಿಮೀಟರ್! ಒಂದು ಶರಟಿನ ಗುಂಡಿಯಷ್ಟು.

ಮಲಗಿ ಹೊಡೆಯುವಾಗ ಹೊಟ್ಟೆ, ಕಾಲು, ಎರಡೂ ಮೊಣಕೈ ನೆಲಕ್ಕೆ ಅಂಟಿರುತ್ತವೆ. ಮೈಭಾರ ತಗ್ಗಿನಲ್ಲಿರುವುದರಿಂದ ಓಲಾಟ ಕಡಿಮೆ. ತೋಳಿಗೆ ಬಿಗಿದ ಚರ್ಮದ ಪಟ್ಟಿ ಬಂದೂಕಿನ ತೂಕವನ್ನು ಹೊರುತ್ತದೆ. ಮಂಡಿಯೂರಿದಾಗ ಒಂದು ಪಾದ, ಒಂದು ಮಂಡಿ, ಮಡಚಿದ ಕಾಲಿನ ತುದಿ, ಈ ಮೂರೇ ಆಸರೆ. ಎಡ ಮೊಣಕೈ ಎಡ ಮಂಡಿಯ ಮೇಲೆ ಕೂರುತ್ತದೆ. ನಿಂತಾಗಲಂತೂ ಎರಡು ಪಾದಗಳಷ್ಟೇ. ಪಟ್ಟಿಯ ಸಹಾಯವೂ ಇಲ್ಲ. ಎಡ ಮೊಣಕೈಯನ್ನು ಸೊಂಟದ ಎಲುಬಿಗೆ ಊರಿ, ಬೆನ್ನನ್ನು ತುಸು ಹಿಂದಕ್ಕೆ ಬಾಗಿಸಿ ನಿಲ್ಲಬೇಕು. ಕಂಕುಳಲ್ಲಿ ಮಗುವನ್ನು ಎತ್ತಿಕೊಂಡು ನಿಂತವರಿಗೆ ಈ ಭಂಗಿಯನ್ನು ಬೇರೆ ವಿವರಿಸಬೇಕಾಗಿಲ್ಲ. ಭಾರವನ್ನು ಎಲುಬು ಹೊರಬೇಕು. ಮಾಂಸಖಂಡ ಹೊತ್ತರೆ ಬೇಗ ದಣಿದು ನಡುಗುತ್ತದೆ.

ಹೈಸ್ಕೂಲಿನಲ್ಲಿ ಎನ್.ಸಿ.ಸಿ. ಸೇರಿದ್ದಾಗ ನಮಗೆ ಸಿಕ್ಕಿದ್ದು ಮಲಗುವ ಭಂಗಿ ಮಾತ್ರ. ಪಾಯಿಂಟ್ ಟೂ ಟೂ ರೈಫಲ್, 25 ಗಜ, ಐದು ಗುಂಡು. ಹೆಣ್ಣುಮಕ್ಕಳು ಮೈದಾನದಲ್ಲಿ ಬೋರಲು ಮಲಗುವುದೆಂದರೇನು ಎಂದು ನಮ್ಮ ಬೀದಿಯ ಹಿರಿಯರು ಗೊಣಗಿದ್ದು ಇನ್ನೂ ಕಿವಿಯಲ್ಲಿದೆ. ಹವಾಲ್ದಾರರು ಒಂದು ಉಪಾಯ ಹೇಳಿಕೊಟ್ಟಿದ್ದರು: ಗುರಿ ಹಿಡಿದ ಮೇಲೆ ಕಣ್ಣು ಮುಚ್ಚಿ, ಎರಡು ಉಸಿರು ತೆಗೆದು, ಮತ್ತೆ ತೆರೆದು ನೋಡು. ಸೈಟ್ ಪಕ್ಕಕ್ಕೆ ಸರಿದಿದ್ದರೆ ಕೈಯಿಂದ ಎಳೆದು ತರಬೇಡ, ಮೈಯನ್ನೇ ಸರಿಸಿಕೋ. ಬಲವಂತದಿಂದ ಹಿಡಿದ ಗುರಿ ಕುದುರೆ ಎಳೆಯುವ ಹೊತ್ತಿಗೆ ಜಾರಿಬಿಡುತ್ತದೆ. ಮೂವತ್ತು ವರ್ಷ ಪಾಠ ಮಾಡಿದ ಮೇಲೂ ಈ ಮಾತಿನ ಬೆಲೆ ನನಗೆ ಕಡಿಮೆಯಾಗಿಲ್ಲ.

ಮಲಗಿ ಹೊಡೆಯುವುದು ಸುಲಭ ಎಂದು ತಿಳಿದವರು ಮಾರ್ಜರಿ ಫಾಸ್ಟರ್ ಕಥೆಯನ್ನು ಕೇಳಬೇಕು. ಮೊದಲ ಮಹಾಯುದ್ಧದಲ್ಲಿ ವಾಹನ ಚಾಲಕಿಯಾಗಿದ್ದು, ಆಮೇಲೆ ಕೋಳಿ ಸಾಕಣೆ ಮಾಡುತ್ತಿದ್ದ ಇಂಗ್ಲೆಂಡಿನ ಹೆಂಗಸು ಈಕೆ. 1930ರಲ್ಲಿ ಬಿಸ್ಲಿಯ ಮೈದಾನದಲ್ಲಿ ನಡೆದ ‘ಕಿಂಗ್ಸ್ ಪ್ರೈಜ್’ ಸ್ಪರ್ಧೆಯ ಅಂತಿಮ ಘಟ್ಟದಲ್ಲಿ 900 ಮತ್ತು 1000 ಗಜಗಳಿಂದ ಹೊಡೆಯಬೇಕಿತ್ತು. ಅಷ್ಟು ದೂರಕ್ಕೆ ಗಾಳಿಯ ಬೀಸನ್ನೂ ಲೆಕ್ಕ ಹಾಕಬೇಕು. ಮಿಲಿಟರಿಯ ಗಂಡಸರೇ ತುಂಬಿದ್ದ ಆ ಸ್ಪರ್ಧೆಯನ್ನು ಈಕೆ ಒಂದೇ ಒಂದು ಅಂಕದಿಂದ ಗೆದ್ದಳು. ಆ ಬಹುಮಾನ ಪಡೆದ ಮೊದಲ ಹೆಂಗಸು ಈಕೆಯೇ.

ಆದರೆ ಮೂರೂ ಭಂಗಿಗಳಲ್ಲಿ ಹೆಣ್ಣು ಗಂಡಿಗೆ ಸರಿಸಮ ಎಂದು ಜಗತ್ತು ಕಂಡದ್ದು 1976ರಲ್ಲಿ. ಒಲಿಂಪಿಕ್ಸ್‌ನ ಗುರಿ ಸ್ಪರ್ಧೆಗಳಲ್ಲಿ ಹೆಂಗಸರು 1968ರಿಂದ ಗಂಡಸರ ಜೊತೆಗೇ ಭಾಗವಹಿಸತೊಡಗಿದ್ದರು. ಮಾಂಟ್ರಿಯಲ್‌ಗೆ ಅಮೆರಿಕದ ತಂಡದಲ್ಲಿ ಬಂದವರು ಕ್ಯಾನ್ಸಾಸ್‌ನ ಮಾರ್ಗರೆಟ್ ಮರ್ಡಾಕ್. 1970ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಎಲ್ಲಕ್ಕಿಂತ ಕಠಿಣವಾದ ನಿಂತು ಹೊಡೆಯುವ ಭಂಗಿಯಲ್ಲಿ ಗೆದ್ದಾಗ ಆಕೆ ನಾಲ್ಕು ತಿಂಗಳ ಬಸುರಿ. ಮಾಂಟ್ರಿಯಲ್‌ನಲ್ಲಿ ಪ್ರತಿ ಭಂಗಿಗೆ 40ರಂತೆ 120 ಗುಂಡುಗಳು, ಒಟ್ಟು 1200 ಅಂಕಗಳು. ಮೊದಲು ಮರ್ಡಾಕ್ ಮುಂದಿದ್ದಾರೆ ಎಂದೇ ತೋರಿತ್ತು. ಮರುಪರಿಶೀಲನೆಯ ನಂತರ ಅವರೂ ಅದೇ ತಂಡದ ಲ್ಯಾನಿ ಬಾಷಮ್ ಅವರೂ 1162 ಅಂಕಗಳಲ್ಲಿ ಸಮವಾದರು. ಸಮಬಲವನ್ನು ಬಿಡಿಸುವ ನಿಯಮದಂತೆ ಚಿನ್ನ ಬಾಷಮ್‌ಗೆ, ಬೆಳ್ಳಿ ಮರ್ಡಾಕ್‌ಗೆ ಹೋಯಿತು. ಇಬ್ಬರಿಗೂ ಚಿನ್ನ ಕೊಡಿ ಎಂದು ಬಾಷಮ್ ಕೇಳಿಕೊಂಡರೂ ಅಧಿಕಾರಿಗಳು ಒಪ್ಪಲಿಲ್ಲ. ಆಗ ಅವರು ರಾಷ್ಟ್ರಗೀತೆಯ ಹೊತ್ತಿನಲ್ಲಿ ಮರ್ಡಾಕ್ ಅವರ ಕೈಹಿಡಿದು ಮೇಲಿನ ಮೆಟ್ಟಿಲಿಗೆ ಹತ್ತಿಸಿಕೊಂಡರು. ಒಲಿಂಪಿಕ್ಸ್‌ನ ಗುರಿ ಸ್ಪರ್ಧೆಯಲ್ಲಿ ಪದಕ ಪಡೆದ ಮೊದಲ ಮಹಿಳೆ, ಗೆದ್ದವನ ಪಕ್ಕದಲ್ಲೇ ನಿಂತರು.

ಮುಂದೇನಾಯಿತು ನೋಡಿ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆಂದೇ ಬೇರೆ ಸ್ಪರ್ಧೆಗಳು ಬಂದವು. ಹೆಚ್ಚು ಹುಡುಗಿಯರಿಗೆ ಬಾಗಿಲು ತೆರೆಯಿತು, ಇಲ್ಲವೆನ್ನಲಾಗದು. ಮೂರು ಭಂಗಿಗಳ ಸ್ಪರ್ಧೆಯನ್ನು ಗೆದ್ದ ವೂ ಶಿಯಾವೊಶುವಾನ್, ಒಲಿಂಪಿಕ್ಸ್ ಚಿನ್ನ ಪಡೆದ ಚೀನಾದ ಮೊದಲ ಮಹಿಳೆಯಾದರು. ಆದರೆ ಗಂಡಸರಿಗೆ 120 ಗುಂಡುಗಳಾದರೆ ಹೆಂಗಸರಿಗೆ 60. ಮಲಗಿ ಹೊಡೆಯುವ ಸ್ಪರ್ಧೆ ಗಂಡಸರಿಗೆ ಪ್ರತ್ಯೇಕವಾಗಿ 2016ರವರೆಗೂ ಇತ್ತು, ಹೆಂಗಸರಿಗೆ ಇಲ್ಲ. ಇದರ ನೋವು ನಮ್ಮ ನೆರೆಯ ಕೊಲ್ಹಾಪುರದವರೆಗೂ ಮುಟ್ಟಿತು. ಅಲ್ಲಿನ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನಲ್ಲಿ ಮಲಗಿ ಹೊಡೆಯುವ ಸ್ಪರ್ಧೆಯಲ್ಲಿ 600ಕ್ಕೆ 597 ಅಂಕ ಪಡೆದು ವಿಶ್ವ ಚಾಂಪಿಯನ್ ಆದರು. ಜಗತ್ತಿಗೇ ಮೊದಲಿಗರಾದ ಆ ಭಂಗಿಗೆ ಒಲಿಂಪಿಕ್ಸ್‌ನಲ್ಲಿ ಹೆಂಗಸರ ಸ್ಪರ್ಧೆಯೇ ಇಲ್ಲ! ಅವರು ಮೂರು ಭಂಗಿಗಳನ್ನೂ ಪಳಗಿಸಿಕೊಂಡು ಮೊದಲ ಒಲಿಂಪಿಕ್ಸ್‌ಗೆ ಹೋಗುವ ಹೊತ್ತಿಗೆ ವಯಸ್ಸು ನಲವತ್ತಾಗಿತ್ತು. ಅದು 2021ರಲ್ಲಿ ನಡೆದ ಟೋಕಿಯೋ ಕೂಟ. ಆ ಸಲವೇ ಇಬ್ಬರಿಗೂ 120 ಗುಂಡುಗಳೆಂದಾಯಿತು. 2024ರ ಪ್ಯಾರಿಸ್‌ನಲ್ಲಿ ಇಬ್ಬರಿಗೂ 60.

ನಮ್ಮಲ್ಲಿ ಕೊಡಗಿನ ಹೆಣ್ಣುಮಕ್ಕಳು ಕೈಲ್ ಪೋಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ನಿಂತೇ ಗುಂಡು ಹೊಡೆಯುತ್ತಾರೆ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ 2004ರಲ್ಲಿ ಕ್ವಾಲಾಲಂಪುರದಲ್ಲಿ ಏರ್ ರೈಫಲ್ ಹಿಡಿದು ನಿಂತು 400ಕ್ಕೆ 400 ಅಂಕ ಪಡೆದರು. ಅವರ ಬಳಿ ತರಬೇತಿ ಪಡೆದ ಅವನಿ ಲೇಖರಾ 2021ರ ಟೋಕಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಸ್ಪರ್ಧೆಯ ಹೆಸರಿನಲ್ಲೂ ‘ನಿಂತು ಹೊಡೆಯುವುದು’ ಎಂದೇ ಇದೆ. ಅಪಘಾತದಲ್ಲಿ ಕಾಲಿನ ಶಕ್ತಿ ಕಳೆದುಕೊಂಡ ಅವನಿ ಹೊಡೆಯುವುದು ಕುಳಿತು. ಆದರೆ ಮೊಣಕೈಗೆ ಮೇಜಿನ ಆಸರೆ ಇರುವುದಿಲ್ಲ. ಅದಕ್ಕೇ ಆ ಹೆಸರು.

ಈ ಸಂಗತಿಗಳನ್ನೆಲ್ಲ ಒಮ್ಮೆ ಎಂಟನೆಯ ತರಗತಿಯಲ್ಲಿ ಹೇಳಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ಮರ್ಡಾಕ್ ಅವರು 120 ಗುಂಡು ಹೊಡೆದು ತೋರಿಸಿದ ಮೇಲೂ ನಮಗೆ ಯಾಕೆ 60 ಮಾಡಿದರು?" ಎಂದು ಕೇಳಿದಳು. ಅಂಥ ನಿಯಮ ಬರೆಯುವಾಗ ಆ ಮೇಜಿನ ಸುತ್ತ ಯಾರು ಕುಳಿತಿರುತ್ತಾರೆ, ಯೋಚನೆ ಮಾಡು ಎಂದೆ. ಅವಳು ಕೂರಲಿಲ್ಲ, ಇನ್ನೂ ಏನೋ ಕೇಳುವುದಕ್ಕಿತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು.