ರಹೀಂ ಸಾಹೇಬರು ಯಾವ ರಾಜ್ಯದವರು? ಗಡಿ ತಾಲ್ಲೂಕಿನಿಂದ ಕಂಡ ಒಬ್ಬ ಫುಟ್‌ಬಾಲ್ ಗುರುವಿನ ಚರಿತ್ರೆ

 

ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಕನ್ನಡಿಗರ ಮಾತು ಬಂದಾಗೆಲ್ಲ ನಾವು ಶಾಸನ, ಭಜನೆ, ಸೀರೆ, ಕನ್ನಡ ಶಾಲೆ ಇಷ್ಟರಲ್ಲೇ ಸುತ್ತುತ್ತೀವಿ. ಅವು ಬೇಕು, ಇಲ್ಲ ಅನ್ನಲ್ಲ. ಆದರೆ ಇವತ್ತು ನಾನು ಆರಿಸಿಕೊಂಡಿರೋದು ಒಬ್ಬ ಫುಟ್‌ಬಾಲ್ ಕೋಚ್‌ನ ಬದುಕು. ಅವರು ಸೈಯದ್ ಅಬ್ದುಲ್ ರಹೀಂ. ಕನ್ನಡದವರಲ್ಲ, ನಮ್ಮ ಮೂರು ಊರುಗಳಲ್ಲಿ ಯಾವುದಕ್ಕೂ ಸೇರಿದವರಲ್ಲ. ಹಾಗಾದ್ರೆ ಈ ವಿಚಾರಸಂಕಿರಣದಲ್ಲಿ ಅವರಿಗೇನು ಕೆಲಸ? ಅದೇ ನನ್ನ ಪ್ರಬಂಧದ ಪ್ರಶ್ನೆ.

ನಮ್ಮಪ್ಪ ಮಕ್ತಲ್‌ನಿಂದ ಹೈದರಾಬಾದಿಗೆ ಓದಲು ಹೋದವರು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಸ್ಲೇಟಿನ ಮೇಲೆ ಉರ್ದು. ಹೈದರಾಬಾದ್ ಸಿಟಿ ಪೊಲೀಸ್ ತಂಡದ ಆಟ ನೋಡಿದ್ದನ್ನು ಕೊನೆಯವರೆಗೂ ಹೇಳ್ತಿದ್ರು. ಅವರ ಬಾಯಲ್ಲಿ ಆ ಕೋಚ್ ಯಾವತ್ತೂ ‘ರಹೀಂ ಸಾಬ್’. ‘ನಮ್ಮ ಹೈದರಾಬಾದ್ ಟೀಮು’ ಅನ್ನೋರು. ನಾನು ಶಾಲೆಗೆ ಹೋಗೋ ಹೊತ್ತಿಗೆ ಆ ‘ನಮ್ಮ’ ಅನ್ನೋದು ಯಾರದು ಅಂತ ಗೊತ್ತಾಗ್ತಿರಲಿಲ್ಲ. ಆ ಒಂದು ಶಬ್ದದಿಂದ ಶುರುಮಾಡ್ತೀನಿ.

ಮೊದಲು ಮಾಸ್ತರು

ರಹೀಂ ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲಿನ ತಂಡಕ್ಕೆ ಆಡಿದರು. ಆಮೇಲೆ ಶಾಲಾ ಮಾಸ್ತರಾದರು. ಕಾಚಿಗುಡ, ದಾರುಲ್ ಉಲೂಮ್, ಚಾದರ್‌ಘಾಟ್ ಶಾಲೆಗಳಲ್ಲಿ ಪಾಠ ಹೇಳಿದರು. ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಮಾಡಿಕೊಂಡರು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು, 1950ರಿಂದ ಸಿಟಿ ಪೊಲೀಸ್ ತಂಡದ ಕೋಚ್ ಆದರು. ಎರಡೂ ಹೊಣೆ 1963ರಲ್ಲಿ ತೀರಿಹೋಗುವವರೆಗೂ ಅವರ ಕೈಲೇ ಇದ್ದವು.

ಅವರು ಮಾಸ್ತರಾಗಿದ್ದು ಇಲ್ಲಿ ಮುಖ್ಯ. ಅವರ ಕೋಚಿಂಗ್‌ನಲ್ಲಿ ಕಾಣೋದು ಶಾಲೆಯ ಬುದ್ಧಿ. ಹುಡುಗರಿಗೆ ಬಾರದ ಕಾಲಿನಿಂದಲೇ ಒದೆಯಬೇಕು ಅನ್ನೋ ನಿಯಮದ ಪಂದ್ಯಾವಳಿ ಇಡ್ತಿದ್ರು. ಬಲಗಾಲಿನವನು ಎಡಗಾಲಲ್ಲೇ ಆಡಬೇಕು. ಡ್ರಿಬ್ಲಿಂಗ್ ಮಾಡೋ ಹಾಗಿಲ್ಲ, ಚೆಂಡು ಬಂದ ಕೂಡಲೇ ದಾಟಿಸಬೇಕು ಅನ್ನೋ ಪಂದ್ಯಾವಳಿಯೂ ಇತ್ತು. ಲೆಕ್ಕ ಬಾರದ ಹುಡುಗನಿಗೆ ಲೆಕ್ಕವನ್ನೇ ಹೆಚ್ಚು ಕೊಡುವ ಮಾಸ್ತರನ ರೀತಿ ಇದು. ಒಬ್ಬನೇ ಚೆಂಡು ಇಟ್ಟುಕೊಂಡು ಚಪ್ಪಾಳೆ ಗಿಟ್ಟಿಸೋ ಆಟದ ಬದಲು, ಚೆಂಡನ್ನೇ ಓಡಿಸೋ ಆಟ. ಫಲ ಬೇಗನೇ ಬಂತು. 1950ರಿಂದ 1954ರವರೆಗೆ ಮುಂಬಯಿಯ ರೋವರ್ಸ್ ಕಪ್ ಐದು ವರ್ಷ ಸತತವಾಗಿ ಸಿಟಿ ಪೊಲೀಸ್ ತಂಡದ್ದು. 1950ರಲ್ಲೇ ಡ್ಯುರಾಂಡ್ ಕಪ್ಪೂ ಬಂತು.

ಇಸವಿ ಗಮನಿಸ್ರಿ. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮರ ಆಳ್ವಿಕೆ ಮುಗಿದಿತ್ತು. ಆ ದಿನಗಳ ಗಾಯ ಎರಡೂ ಕಡೆ ಹಸಿಯಾಗಿತ್ತು, ನಮ್ಮ ಊರುಗಳ ಮನೆಮನೆಯಲ್ಲೂ ಆ ಕಥೆಗಳಿವೆ. ಅದಾಗಿ ಮೂರು ವರ್ಷ ತುಂಬುವ ಮೊದಲೇ, 1951ರ ಮಾರ್ಚಿನಲ್ಲಿ, ಹೈದರಾಬಾದಿನ ಈ ಉರ್ದು ಮಾಸ್ತರು ತಯಾರು ಮಾಡಿದ ಭಾರತ ತಂಡ ದಿಲ್ಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಇರಾನನ್ನು 1–0ಯಿಂದ ಸೋಲಿಸಿ ಚಿನ್ನ ಗೆದ್ದಿತು. ಹೈದರಾಬಾದ್ ಭಾರತಕ್ಕೆ ಸೇರಿದ ಚರಿತ್ರೆ ಬರೆಯುವವರು ಸೈನ್ಯ, ಒಪ್ಪಂದ, ಜಾಗೀರುಗಳ ಬಗ್ಗೆ ಬರೀತಾರೆ. ಈ ಪಂದ್ಯವೂ ಆ ಚರಿತ್ರೆಗೆ ಸೇರಬೇಕು.

ಬರೀ ಗೆಲುವೇ ಅಲ್ಲ. 1952ರಲ್ಲಿ ಹೆಲ್ಸಿಂಕಿಯಲ್ಲಿ ಬಹುತೇಕ ಬರಿಗಾಲಲ್ಲಿ ಆಡಿದ ಭಾರತ ಯುಗೊಸ್ಲಾವಿಯಾದ ಎದುರು 1–10ರಿಂದ ಸೋತಿತು. ಆಗಲೂ ಕೋಚ್ ಇವರೇ. ಆಮೇಲೆ ಬೂಟು ಕಡ್ಡಾಯವಾಯಿತು. ರಹೀಂ ಆಟದ ವಿನ್ಯಾಸವನ್ನೇ ಬದಲಿಸಲು ಕೂತರು.

1956ರ ನವೆಂಬರ್ 1, ಡಿಸೆಂಬರ್ 1

ಈಗ ನಮ್ಮ ತಾಲ್ಲೂಕುಗಳಿಗೆ ಬರ್ತೀನಿ. 1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯವೇ ಇಲ್ಲವಾಯಿತು. ರಾಯಚೂರು ಜಿಲ್ಲೆ ಮೈಸೂರಿಗೆ ಹೋಯಿತು, ಆದರೆ ಅದರ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಗುಲ್ಬರ್ಗಾ ಮೈಸೂರಿಗೆ, ಅದರ ಕೊಡಂಗಲ್ ಮತ್ತು ತಾಂಡೂರು ಆಂಧ್ರಕ್ಕೆ. ನಾರಾಯಣಪೇಟೆ, ಮಕ್ತಲ್ ಮೆಹಬೂಬ್‌ನಗರ ಜಿಲ್ಲೆಯಲ್ಲೇ ಉಳಿದವು. ಕನ್ನಡ ಮಾತಾಡೋ ಎಷ್ಟೋ ಮನೆಗಳು ಎದ್ದು ಎಲ್ಲೂ ಹೋಗದೆಯೇ ಗಡಿಯವರಾದವು.

ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ಕ್ಕೆ, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಭಾರತ ಸೆಮಿಫೈನಲ್ ತಲುಪಿ ಕೊನೆಗೆ ನಾಲ್ಕನೆಯ ಸ್ಥಾನ ಪಡೆಯಿತು. ಆ ತಂಡದಲ್ಲಿ ಹೈದರಾಬಾದಿನ ಅಜೀಜ್, ನೂರ್ ಮಹಮ್ಮದ್, ಜುಲ್ಫಿಕರ್, ಸಿಕಂದರಾಬಾದಿನ ತಮಿಳು ಮನೆಯ ಹುಡುಗ ತುಳಸಿದಾಸ್ ಬಲರಾಮ್ ಇದ್ದರು. ಮೈಸೂರು ರಾಜ್ಯದ ಕೆಂಪಯ್ಯನವರೂ ಇದ್ದರು. ನಕ್ಷೆಯನ್ನು ಭಾಷೆಯ ಪ್ರಕಾರ ಕತ್ತರಿಸಿದ ಅದೇ ಹೊತ್ತಿನಲ್ಲಿ, ಭಾಷೆ ಕೇಳದೆ ಕೂಡಿಸಿದ ಒಂದು ತಂಡ ಮೈದಾನದಲ್ಲಿತ್ತು.

ಇನ್ನೊಂದು ಸಂಗತಿ. 1956–57 ಮತ್ತು 1957–58ರ ಸಂತೋಷ್ ಟ್ರೋಫಿ ಗೆದ್ದ ತಂಡದ ಹೆಸರು ‘ಹೈದರಾಬಾದ್’. ಆಂಧ್ರದ ಸಂಸ್ಥೆಯ ಜೊತೆ ಸೇರುವವರೆಗೂ ಫುಟ್‌ಬಾಲಿನಲ್ಲಿ ಆ ಹಳೇ ಹೆಸರು ಉಳಿದಿತ್ತು. ಅಂದ್ರೆ ರಾಜ್ಯ ಹೋದ ಮೇಲೂ ಅದರ ಹೆಸರು ಬದುಕಿದ್ದು ರಹೀಂ ಅವರ ಸಂಸ್ಥೆಯಲ್ಲಿ. ನಮ್ಮಪ್ಪನ ‘ನಮ್ಮ’ ಅನ್ನೋದಕ್ಕೆ ಅರ್ಥ ನನಗೆ ಸಿಕ್ಕಿದ್ದು ಇಲ್ಲಿ.

ಜಕಾರ್ತ ಮತ್ತು ಆಮೇಲೆ

1960ರ ರೋಮ್‌ನಲ್ಲಿ ಫ್ರಾನ್ಸ್ ಜೊತೆ 1–1 ಸಮ, ಹಂಗೆರಿಗೆ 1–2ರ ಸೋಲು. 1962ರ ಜಕಾರ್ತ ಏಷ್ಯನ್ ಗೇಮ್ಸ್‌ಗೆ ಹೋಗುವಾಗ ರಹೀಂ ಕ್ಯಾನ್ಸರಿನಿಂದ ಬಳಲುತ್ತಿದ್ದರು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾಗೆ 0–2. ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ರಹೀಂ ಅವರನ್ನು ಮುಂದಕ್ಕೆ ತಂದು ಸೆಂಟರ್ ಫಾರ್ವರ್ಡ್ ಮಾಡಿದರು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಅದೇ ಕೊರಿಯಾದ ಎದುರು, ಇಡೀ ಕ್ರೀಡಾಂಗಣ ಭಾರತದ ವಿರುದ್ಧ ಕೂಗುತ್ತಿದ್ದಾಗ, 2–1ರ ಗೆಲುವು. ಒಂದು ಗೋಲು ಪಿ.ಕೆ. ಬ್ಯಾನರ್ಜಿಯವರದು, ಇನ್ನೊಂದು ಜರ್ನೈಲ್ ಅವರದೇ. 1963ರ ಜೂನ್ 11ರಂದು ರಹೀಂ ತೀರಿಕೊಂಡರು. ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ತಂಡ ಆಡಿದ್ದು ರೋಮ್‌ನಲ್ಲೇ ಕೊನೆ. ಏಷ್ಯನ್ ಗೇಮ್ಸ್ ಚಿನ್ನಕ್ಕೂ ಜಕಾರ್ತವೇ ಕೊನೆ.

ಇಲ್ಲಿ ಭಕ್ತಿ ಬಿಟ್ಟು ಒಂದು ಮಾತು ಹೇಳಬೇಕು. ಇಪ್ಪತ್ತು ವರ್ಷ ಕಾರ್ಯದರ್ಶಿ, ಹದಿಮೂರು ವರ್ಷ ಕೋಚ್. ಆ ದೀರ್ಘ ಸೇವೆಯೇ ಶಕ್ತಿ, ಅದೇ ದೌರ್ಬಲ್ಯ. ವಿದ್ಯೆ ಒಬ್ಬರ ತಲೆಯಲ್ಲಿತ್ತು, ಮೈದಾನಗಳು ರಾಜಧಾನಿಯಲ್ಲಿದ್ದವು. ನನ್ನ ಶಾಲೆಯಲ್ಲಿ ಕಬಡ್ಡಿ, ವಾಲಿಬಾಲ್ ಇದ್ದವು. ಗಾಳಿ ನಿಲ್ಲದ ಒಂದು ಫುಟ್‌ಬಾಲ್ ಬೀರುವಿನ ಮೇಲಿತ್ತು. ಒಲಿಂಪಿಕ್ಸ್‌ಗೆ ಕೋಚ್ ಕೊಟ್ಟ ರಾಜಧಾನಿಯಿಂದ ನಮಗೆ ಬಂದದ್ದು ಅಪ್ಪನ ಕಥೆ ಅಷ್ಟೇ. ಇಂಥ ಗುರುವನ್ನು ನಮ್ಮವನು ಅನ್ನುವಾಗ ಆ ಖಾಲಿ ಮೈದಾನವನ್ನೂ ಲೆಕ್ಕಕ್ಕೆ ತಗೋಬೇಕು.

ಯಾರ ಚರಿತ್ರೆಯಲ್ಲಿ?

ಕನ್ನಡದಲ್ಲಿ ಫುಟ್‌ಬಾಲ್ ಅಂದ್ರೆ ಬೆಂಗಳೂರು, ಮೈಸೂರು ತಂಡ. ತೆಲುಗಿನಲ್ಲಿ ರಹೀಂ ನಗರದ ಹಳೇ ವೈಭವದ ಒಂದು ಪುಟ. ಅವರು ಉರ್ದುವಿನಲ್ಲಿ ಓದಿದವರು, ಆ ಭಾಷೆಗೆ ಅಂತ ರಾಜ್ಯ ಹುಟ್ಟಲಿಲ್ಲ. ಭಾಷೆಗೊಂದು ರಾಜ್ಯ, ರಾಜ್ಯಕ್ಕೊಂದು ಚರಿತ್ರೆ ಅಂತ ಬರೆದಾಗ ಅವರು ಎಲ್ಲ ಪುಸ್ತಕದ ಅಂಚಿಗೆ ಬೀಳ್ತಾರೆ. ನಾವೂ ಬೀಳೋದು ಅಲ್ಲೇ. ಕರ್ನಾಟಕದ ಚರಿತ್ರೆಗೆ ನಾವು ಹೊರಗಿನವರು, ತೆಲಂಗಾಣದ ಚರಿತ್ರೆಗೆ ಮನೆಮಾತು ಬೇರೆಯಾದವರು. ನಾವು ಅವರನ್ನು ನಮ್ಮವರು ಅನ್ನೋದು ಭಾಷೆಯ ನಂಟಿನಿಂದಲ್ಲ. ನಮ್ಮಿಬ್ಬರಿಗೂ ಊರಾಗಿದ್ದ ರಾಜ್ಯ ಒಂದೇ, ಅದು ಈಗಿಲ್ಲ.

ಕೊನೆಯ ಮಾತು. ರಹೀಂ ಅವರ ಮಗ ಸೈಯದ್ ಶಾಹಿದ್ ಹಕೀಂ ರೋಮ್ ತಂಡದಲ್ಲಿದ್ದವರು, ಮುಂದೆ ಅಂತರರಾಷ್ಟ್ರೀಯ ರೆಫರಿಯಾದವರು. ಅವರು 2021ರ ಆಗಸ್ಟ್ 22ರಂದು ಕೊನೆಯುಸಿರೆಳೆದದ್ದು ಕಲಬುರಗಿಯಲ್ಲಿ. ಹಳೇ ರಾಜ್ಯದ ದಾರಿಗಳಲ್ಲಿ ಜನ ಇನ್ನೂ ಓಡಾಡ್ತಿದ್ದಾರೆ, ಗೆರೆ ಎಳೆದದ್ದು ಕಾಗದದ ಮೇಲೆ ಮಾತ್ರ.

ಕೇಳ್ತಿರುವ ವಿದ್ಯಾರ್ಥಿಗಳಿಗೆ ಒಂದು ವಿನಂತಿ. ನಮ್ಮ ಮೂರು ಊರುಗಳಲ್ಲಿ ಉರ್ದು ಶಾಲೆಗೆ ಹೋಗಿದ್ದ ಹಿರಿಯರು, ಹಳೇ ಡ್ರಿಲ್ ಮಾಸ್ತರರ ಶಿಷ್ಯರು ಇನ್ನೂ ಕೆಲವರು ಇದ್ದಾರೆ. ಅವರ ಮುಂದೆ ಕೂತು ಮಾತು ಬರೆದುಕೊಳ್ಳಿ. ನಮ್ಮಪ್ಪನ ಮಾತನ್ನು ನಾನು ಬರೆದುಕೊಳ್ಳಲಿಲ್ಲ. ನೀವು ತಡ ಮಾಡಬೇಡ್ರಿ.