ವಿಶ್ವಸಂಸ್ಥೆಯ ಬಿಲ್ ಕಟ್ಟೋದು ಯಾರು? ಕಾರ್ನೆಗಿಯಿಂದ ಗೇಟ್ಸ್‌ವರೆಗೆ ದಾನದ ಲೆಕ್ಕ

 

'ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ' ಅಂತ ಒಂದು ಗಾದೆ ಇದೆ. ಪುಕ್ಕಟೆ ಸಿಕ್ಕಿದ್ದನ್ನು ಅಳೆಯೋಕೆ ಹೋಗಬೇಡ ಅನ್ನೋದು ಅದರ ಬುದ್ಧಿಮಾತು. ನಾನು ಬಿ.ಕಾಂ. ಓದಿದವನು, ನಮಗೆ ಕಲಿಸಿದ್ದೇ ಅಳೆಯೋದನ್ನ. ಹಾಗಾಗಿ ಇವತ್ತು ಹಿತ್ತಲಿಗೆ ಹೋಗೋಣ. ಇಡೀ ಜಗತ್ತಿಗೆ ಸೇರಿದ ಸಂಸ್ಥೆಗಳಿಗೆ ಒಬ್ಬಿಬ್ಬರು ಶ್ರೀಮಂತರು ಕೊಟ್ಟ ದಟ್ಟಿಗೆ ಮೊಳ ಹಾಕೋಣ.

ಮೊದಲು ನೆದರ್‌ಲ್ಯಾಂಡ್ಸ್‌ನ ಹೇಗ್ ನಗರ. ಕುಲಭೂಷಣ್ ಜಾಧವ್ ಪ್ರಕರಣದಲ್ಲಿ 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ತೀರ್ಪು ಕೊಟ್ಟಿದ್ದು ನೆನಪಿರಬಹುದು. ಆ ಕೋರ್ಟ್ ಕೂರೋ ಕಟ್ಟಡದ ಹೆಸರು ಪೀಸ್ ಪ್ಯಾಲೆಸ್, ಶಾಂತಿ ಅರಮನೆ. ಅದಕ್ಕೆ ದುಡ್ಡು ಕೊಟ್ಟಿದ್ದು ಯಾವ ದೇಶದ ಸರ್ಕಾರವೂ ಅಲ್ಲ. ಆಂಡ್ರ್ಯೂ ಕಾರ್ನೆಗಿ ಅನ್ನೋ ಅಮೆರಿಕದ ಉಕ್ಕಿನ ವ್ಯಾಪಾರಿ. 1901ರಲ್ಲಿ ತನ್ನ ಕಂಪನಿ ಮಾರಿ, 1903ರಲ್ಲಿ ಈ ಕಟ್ಟಡಕ್ಕೆ 15 ಲಕ್ಷ ಡಾಲರ್ ಕೊಟ್ಟ. ಅದಕ್ಕೂ ಮುಂಚೆ, 1892ರಲ್ಲಿ, ಇದೇ ಕಾರ್ನೆಗಿಯ ಹೋಮ್‌ಸ್ಟೆಡ್ ಕಾರ್ಖಾನೆಯಲ್ಲಿ ಕಾರ್ಮಿಕರ ಮುಷ್ಕರ ಮುರಿಯೋಕೆ ಬಾಡಿಗೆ ಕಾವಲುಗಾರರನ್ನು ಕರೆಸಿ, ಗುಂಡು ಹಾರಿ, ಜನ ಸತ್ತಿದ್ದರು. ಅರಮನೆ ಉದ್ಘಾಟನೆ ಆಗಿದ್ದು 1913ರ ಆಗಸ್ಟ್‌ನಲ್ಲಿ. ಒಂದು ವರ್ಷ ತುಂಬೋ ಮೊದಲೇ ಮೊದಲ ಮಹಾಯುದ್ಧ ಶುರುವಾಯ್ತು. ಆ ಕಟ್ಟಡದ ಮಾಲೀಕತ್ವ ಇವತ್ತಿಗೂ ಕಾರ್ನೆಗಿ ಹೆಸರಿನ ಡಚ್ ಪ್ರತಿಷ್ಠಾನದ್ದೇ.

ಅಕೌಂಟ್ಸ್ ಕ್ಲಾಸಲ್ಲಿ ಮೊದಲ ವರ್ಷವೇ ಹೇಳಿಕೊಡೋ ಒಂದು ವ್ಯತ್ಯಾಸ ಇದೆ. ಕಟ್ಟಡ ಕಟ್ಟಿಸೋದು ಬಂಡವಾಳ ವೆಚ್ಚ. ತಿಂಗಳು ತಿಂಗಳು ಸಂಬಳ, ಕರೆಂಟ್ ಬಿಲ್ ಕಟ್ಟೋದು ಕಂದಾಯ ವೆಚ್ಚ. ಕಟ್ಟಡ ಕೊಟ್ಟವನಿಗೆ ಒಂದು ನಾಮಫಲಕ ಸಿಗುತ್ತೆ, ಅಷ್ಟೇ. ಕಾರ್ನೆಗಿ ಕಟ್ಟಡ ಕೊಟ್ಟ ಅಂತ ಒಳಗಿನ ಜಡ್ಜ್ ಬರೆಯೋ ತೀರ್ಪು ಬದಲಾಗಲ್ಲ. ಆದ್ರೆ ದಿನದ ಖರ್ಚು ಯಾರು ಕೊಡ್ತಾರೋ, ಇವತ್ತು ಯಾವ ಕೆಲಸ ಮೊದಲು ಅನ್ನೋದನ್ನ ಮೆಲ್ಲಗೆ ಅವರೇ ನಿರ್ಧರಿಸೋಕೆ ಶುರು ಮಾಡ್ತಾರೆ. ಇದೊಂದು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ಎರಡನೇ ದಾನಿ ಜಾನ್ ಡಿ. ರಾಕ್‌ಫೆಲರ್. ತೈಲದ ದೊರೆ. ಅವರ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯನ್ನು ಒಡೆಯಬೇಕು ಅಂತ 1911ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದೇ ಹೊತ್ತಲ್ಲಿ ಅವರು ತಮ್ಮ ಪ್ರತಿಷ್ಠಾನಕ್ಕೆ ಅಮೆರಿಕದ ಸಂಸತ್ತಿನ ಒಪ್ಪಿಗೆ ಕೇಳ್ತಿದ್ದರು. ಇಷ್ಟು ದೊಡ್ಡ ಖಾಸಗಿ ದುಡ್ಡು ಯಾರಿಗೆ ಉತ್ತರ ಕೊಡುತ್ತೆ ಅನ್ನೋ ಅನುಮಾನ ಆಗಲೇ ಎದ್ದಿತ್ತು. ಸಂಸತ್ತು ಒಪ್ಪಲಿಲ್ಲ. ಕೊನೆಗೆ 1913ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾನೂನಿನಡಿ ರಾಕ್‌ಫೆಲರ್ ಫೌಂಡೇಶನ್ ಹುಟ್ಟಿತು.

ಯುದ್ಧ ಮುಗಿದ ಮೇಲೆ ರಾಷ್ಟ್ರಗಳ ಸಂಘ, ಅಂದ್ರೆ ಲೀಗ್ ಆಫ್ ನೇಷನ್ಸ್ ಬಂತು. ಅದರ ಕನಸು ಕಂಡಿದ್ದೇ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್. ಆದ್ರೆ ಅಮೆರಿಕದ ಸೆನೆಟ್ ಒಪ್ಪದೇ, ಆ ದೇಶ ಸದಸ್ಯನಾಗಲೇ ಇಲ್ಲ. ತಮಾಷೆ ನೋಡಿ, ಸರ್ಕಾರ ಬರಲಿಲ್ಲ, ಚೆಕ್ ಬಂತು. 1922ರಿಂದ ಸಂಘದ ಆರೋಗ್ಯ ವಿಭಾಗಕ್ಕೆ ರಾಕ್‌ಫೆಲರ್ ಫೌಂಡೇಶನ್ ಹಣ ಕೊಡೋಕೆ ಶುರು ಮಾಡ್ತು. ಆ ವಿಭಾಗ ನಡೆಸ್ತಿದ್ದವರು ಪೋಲೆಂಡಿನ ವೈದ್ಯ ಲುಡ್ವಿಕ್ ರೈಖ್‌ಮನ್. ಮುಂದೆ ಯುನಿಸೆಫ್‌ಗೆ ಮೊದಲ ಅಧ್ಯಕ್ಷರಾದವರೂ ಇವರೇ.

ಆ ದುಡ್ಡಲ್ಲಿ ಆಗಿದ್ದೇನು? 1925ರಲ್ಲಿ ಸಿಂಗಾಪುರದಲ್ಲಿ ಒಂದು ಆಫೀಸ್ ತೆರೆದರು. ಏಷ್ಯಾದ ಬಂದರುಗಳಿಂದ ಪ್ಲೇಗ್, ಕಾಲರಾ, ಸಿಡುಬಿನ ಸುದ್ದಿ ಅಲ್ಲಿಗೆ ಟೆಲಿಗ್ರಾಂನಲ್ಲಿ ಬರ್ತಿತ್ತು. ಅದನ್ನ ಒಟ್ಟುಗೂಡಿಸಿ ಪ್ರತಿ ವಾರ ವೈರ್‌ಲೆಸ್‌ನಲ್ಲಿ ಪ್ರಸಾರ ಮಾಡ್ತಿದ್ದರು. ನಮ್ಮ ಕೋವಿಡ್ ಡ್ಯಾಶ್‌ಬೋರ್ಡ್‌ನ ಮುತ್ತಜ್ಜ ಅನ್ನಬಹುದು.

ಈ ಕಥೆಯ ಒಂದು ಎಳೆ ನಮ್ಮೂರಿಗೂ ಬರುತ್ತೆ. 1920ರ ದಶಕದ ಕೊನೆ ಮತ್ತು 30ರ ದಶಕದಲ್ಲಿ ಇದೇ ಫೌಂಡೇಶನ್ ಮೈಸೂರು ಸಂಸ್ಥಾನದ ಜೊತೆ ಮಲೇರಿಯಾ ಮತ್ತು ಗ್ರಾಮೀಣ ಆರೋಗ್ಯದ ಕೆಲಸ ಮಾಡ್ತು. ಮಂಡ್ಯದಲ್ಲಿ ಒಂದು ಮಾದರಿ ಆರೋಗ್ಯ ಘಟಕ ಶುರುವಾಯ್ತು. ನಾಲೆಯಲ್ಲಿ ಕಾವೇರಿ ನೀರು ಬಂತು, ಜೊತೆಗೆ ಸೊಳ್ಳೆನೂ ಬಂತು ಅನ್ನೋ ಕಾಲ ಅದು. ಫೌಂಡೇಶನ್‌ನ ಪದ್ಧತಿ ಎಲ್ಲ ಕಡೆ ಒಂದೇ: ಮೊದಲ ಕೆಲವು ವರ್ಷ ಖರ್ಚಲ್ಲಿ ನಮ್ಮ ಪಾಲೂ ಇರುತ್ತೆ, ವರ್ಷ ವರ್ಷ ಅದನ್ನ ಕಡಿಮೆ ಮಾಡ್ತೀವಿ, ಆಮೇಲೆ ಪೂರ್ತಿ ನಿಮ್ಮ ಸರ್ಕಾರದ್ದೇ. ನನಗೆ ಇದು ಬುದ್ಧಿವಂತ ಲೆಕ್ಕ ಅನ್ನಿಸುತ್ತೆ. ದಾನ ಮುಗಿಯೋ ದಿನ ಕಾಗದದ ಮೇಲೇ ಇದೆ.

ರಾಕ್‌ಫೆಲರ್ ಮಗ ಕಟ್ಟಡಕ್ಕೂ ಕೊಟ್ಟ. 1927ರಲ್ಲಿ ಜಿನೀವಾದಲ್ಲಿ ರಾಷ್ಟ್ರಗಳ ಸಂಘದ ಗ್ರಂಥಾಲಯಕ್ಕೆ 20 ಲಕ್ಷ ಡಾಲರ್. 1946ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಈಗ ವಿಶ್ವಸಂಸ್ಥೆ ನಿಂತಿರೋ ಜಾಗ ಕೊಳ್ಳೋಕೆ 85 ಲಕ್ಷ ಡಾಲರ್.

ಈಗ ವಿಶ್ವ ಆರೋಗ್ಯ ಸಂಸ್ಥೆಗೆ ಬರೋಣ, ಅಂದ್ರೆ ಡಬ್ಲ್ಯುಎಚ್‌ಒ. 1948ರಲ್ಲಿ ಶುರುವಾಯ್ತು. ಅದಕ್ಕೆ ಎರಡು ಥರ ದುಡ್ಡು ಬರುತ್ತೆ. ಒಂದು, ಸದಸ್ಯ ದೇಶಗಳು ಕಟ್ಟಲೇಬೇಕಾದ ಚಂದಾ. ಅಪಾರ್ಟ್‌ಮೆಂಟ್ ಮೇಂಟೆನೆನ್ಸ್ ಇದ್ದ ಹಾಗೆ, ದೊಡ್ಡ ಫ್ಲ್ಯಾಟಿಗೆ ಜಾಸ್ತಿ, ಚಿಕ್ಕದಕ್ಕೆ ಕಡಿಮೆ. ಎರಡು, ಮನಸ್ಸಿದ್ದವರು ಕೊಡೋ ದೇಣಿಗೆ. ಮೊದಮೊದಲು ಸಂಸ್ಥೆ ನಡೀತಿದ್ದಿದ್ದು ಮುಖ್ಯವಾಗಿ ಚಂದಾ ಮೇಲೆ. 1980ರ ದಶಕದಲ್ಲಿ ಆ ಬಜೆಟ್ ಬೆಳೆಯದ ಹಾಗೆ ತಡೆ ಹಾಕಿದರು. ಖಾಲಿ ಜಾಗವನ್ನ ದೇಣಿಗೆ ತುಂಬ್ತಾ ಬಂತು. 2020-21ರ ಹೊತ್ತಿಗೆ ಚಂದಾ ಪಾಲು ಐದನೇ ಒಂದು ಭಾಗಕ್ಕಿಂತ ಕಡಿಮೆ. ಸರ್ಕಾರಗಳ ಜೊತೆ ಒಂದೇ ಸಾಲಲ್ಲಿ, ಅತಿ ದೊಡ್ಡ ದಾನಿಗಳ ಪಟ್ಟಿಯ ತುದಿಯಲ್ಲಿ, ಗೇಟ್ಸ್ ಫೌಂಡೇಶನ್ ನಿಂತಿದೆ. ಅದಕ್ಕೆ ಅಲ್ಲಿ ವೋಟ್ ಇಲ್ಲ. ಆದ್ರೆ ಅದು ಕೊಡೋ ಹಣದ ಬಹುಪಾಲಿಗೆ 'ಇದು ಇಂಥದ್ದಕ್ಕೇ' ಅನ್ನೋ ಟ್ಯಾಗ್ ಇರುತ್ತೆ. ಅದರಲ್ಲಿ ಪೋಲಿಯೋದ ಪಾಲು ತುಂಬ ದೊಡ್ಡದು.

ಟ್ಯಾಗ್ ಹಾಕಿದ ದುಡ್ಡು ಕೆಟ್ಟದ್ದು ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಈ ಎಪಿಸೋಡ್ ಕೇಳ್ತಿರೋ ಬಹಳಷ್ಟು ಜನರ ಬಾಯಿಗೆ ಆ ಎರಡು ಹನಿ ಬಿದ್ದಿದೆ, ಕಿರುಬೆರಳಿಗೆ ಕಪ್ಪು ಗುರುತೂ ಬಿದ್ದಿದೆ. ರೋಟರಿ ಕ್ಲಬ್‌ಗಳು 1985ರಲ್ಲಿ ಪೋಲಿಯೋ ವಿರುದ್ಧ ನಿಧಿ ಸಂಗ್ರಹ ಶುರು ಮಾಡಿದವು, 1988ರಲ್ಲಿ ಜಾಗತಿಕ ಅಭಿಯಾನ ಬಂತು. ಭಾರತದ ಕೊನೆಯ ವೈಲ್ಡ್ ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್‌ನಲ್ಲಿ ಪೋಲಿಯೋಮುಕ್ತ ಅಂತ ಪ್ರಮಾಣಪತ್ರ ಸಿಕ್ತು. ನಮ್ಮ ಸರ್ಕಾರದ ದುಡ್ಡು, ಮನೆ ಮನೆ ತಿರುಗಿದ ಲಕ್ಷಾಂತರ ಜನರ ಕಾಲು, ಹೊರಗಿನ ದಾನ, ಮೂರೂ ಸೇರಿ ಆಗಿದ್ದು ಅದು.

ತೊಂದರೆ ಇರೋದು ಗೆದ್ದ ಮೇಲೆ. ಪೋಲಿಯೋಗೆ ಅಂತ ಬಂದ ದುಡ್ಡಲ್ಲಿ ಕಟ್ಟಿದ ಕಣ್ಗಾವಲು ಜಾಲವೇ ಎಷ್ಟೋ ದೇಶಗಳಲ್ಲಿ ದಡಾರವನ್ನೂ ಬೇರೆ ಸಾಂಕ್ರಾಮಿಕಗಳನ್ನೂ ಹಿಡೀತಿತ್ತು. ಭಾರತದಲ್ಲಿ ಕೋವಿಡ್ ಕೆಲಸಕ್ಕೂ ಅದೇ ತಂಡ ಇಳೀತು. ಪೋಲಿಯೋ ಹೋದ ಮೇಲೆ ಆ ಟ್ಯಾಗಿನ ದುಡ್ಡೂ ಕರಗುತ್ತೆ. ಆಗ ಆ ತಂಡದ ಸಂಬಳ ಯಾರು ಕೊಡ್ತಾರೆ? ದಾನಿಗೆ ಅವರ ಗುರಿ ಮುಗೀತು. ನಮ್ಮ ಮಕ್ಕಳ ದಡಾರ ಮುಗಿದಿಲ್ಲ.

ಈ ಲೆಕ್ಕ ಸದಸ್ಯ ದೇಶಗಳಿಗೂ ತಡವಾಗಿ ಅರ್ಥವಾಯ್ತು. ಡಬ್ಲ್ಯುಎಚ್‌ಒದ ಮೂಲ ಬಜೆಟ್‌ನಲ್ಲಿ ಚಂದಾ ಪಾಲನ್ನು 2030ರ ಹೊತ್ತಿಗೆ ಅರ್ಧಕ್ಕೆ ಏರಿಸೋ ಗುರಿ ಇಟ್ಟುಕೊಳ್ಳೋಣ ಅಂತ 2022ರಲ್ಲಿ ಒಪ್ಪಿಕೊಂಡರು. 2025ರ ಮೇ ತಿಂಗಳಲ್ಲಿ ಚಂದಾವನ್ನ ಶೇ. 20ರಷ್ಟು ಏರಿಸಿದರು. ಅದೇ ವರ್ಷದ ಜನವರಿಯಲ್ಲಿ ಅಮೆರಿಕ, ನಾವು ಹೊರಗೆ ಹೋಗ್ತೀವಿ ಅಂತ ಆದೇಶ ಹೊರಡಿಸಿತ್ತು. ನೂರು ವರ್ಷದ ಹಿಂದಿನ ಚಿತ್ರವೇ ಮತ್ತೆ: ಸರ್ಕಾರ ಬಾಗಿಲಾಚೆ, ಅದೇ ದೇಶದ ದಾನಿ ಬಾಗಿಲೊಳಗೆ.

ನಾನು ಮೊಳ ಹಾಕಿ ನೋಡಿದ್ದಕ್ಕೆ ಸಿಕ್ಕ ಅಳತೆ ಇಷ್ಟು. ಕಟ್ಟಡ ಕೊಡ್ತೀನಿ ಅಂದ್ರೆ ತಗೊಳ್ಳಿ, ಹೊಸ ಕೆಲಸ ಶುರು ಮಾಡಿಸ್ತೀನಿ ಅಂದ್ರೂ ತಗೊಳ್ಳಿ. ಆದ್ರೆ ಮೇಂಟೆನೆನ್ಸ್ ದುಡ್ಡು ಮಾತ್ರ ಮನೆಯವರೇ ಕಟ್ಟಬೇಕು. ಮನೆಯವರು ಅಂದ್ರೆ ನಮ್ಮ ತೆರಿಗೆಯಲ್ಲಿ ನಡೆಯೋ ಸರ್ಕಾರಗಳು. ಅದನ್ನ ಕಟ್ಟದೇ, ದಾನಿ ಜಾಸ್ತಿ ಮಾತಾಡ್ತಾನೆ ಅಂತ ಗೊಣಗಿದ್ರೆ ಏನೂ ಆಗಲ್ಲ.