ಹಬ್ಬಕ್ಕೊಂದು ಮೂಲೆ, ವರ್ಷಕ್ಕೊಂದು ಮನೆ

ಮನೆಯಲ್ಲಿ ಸಾಮಾನು ಹೆಚ್ಚಾದರೆ ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಹೇಳುವ ಪುಸ್ತಕಗಳಿಗೆ ಇಂದು ಬರವಿಲ್ಲ. ಜಪಾನಿನ ಮೇರಿ ಕೊಂಡೊ ಅವರು ಬರೆದು, 2014ರಲ್ಲಿ ಇಂಗ್ಲಿಷಿಗೆ ಬಂದ ಪುಸ್ತಕವೊಂದು ಲಕ್ಷಾಂತರ ಪ್ರತಿಗಳಲ್ಲಿ ಮಾರಾಟವಾಯಿತು. ಮೊದಲು ಬಟ್ಟೆ, ಆಮೇಲೆ ಪುಸ್ತಕ, ನಂತರ ಕಾಗದಪತ್ರ, ಕಟ್ಟಕಡೆಗೆ ನೆನಪಿನ ವಸ್ತುಗಳು ಎಂದು ಅವರು ಕ್ರಮ ಹಾಕಿಕೊಟ್ಟರು. ಇನ್ನು ಕೆಲವರು ಇವತ್ತು ಅಡುಗೆಮನೆ, ನಾಳೆ ಕಪಾಟು, ನಾಡಿದ್ದು ಅಟ್ಟ ಎಂದು ಜಾಗದ ಲೆಕ್ಕದಲ್ಲಿ ಹೋಗಲು ಹೇಳುತ್ತಾರೆ. ದಾರಿ ಬೇರೆಯಾದರೂ ತಿರುಳು ಒಂದೇ: ರಾಶಿಯನ್ನು ಪಾಲು ಮಾಡಿ ಒಂದೊಂದಾಗಿ ಕೈಗೆತ್ತಿಕೊಳ್ಳಿ.

ಈ ಉಪದೇಶ ಕೇಳಿದರೆ ನಮ್ಮ ಅಜ್ಜಿಯರು ನಕ್ಕಾರು. ಗೋಡೆಯ ಮೊಳೆಗೆ ಪಂಚಾಂಗ ನೇತುಹಾಕಿದ ಕನ್ನಡದ ಮನೆಗಳಲ್ಲಿ ಈ ಹಂಚಿಕೆ ತಲೆಮಾರುಗಳಿಂದ ನಡೆದು ಬಂದಿದೆ. ಯಾವ ತಿಂಗಳಲ್ಲಿ ಯಾವ ಮೂಲೆಗೆ ಕೈ ಹಾಕಬೇಕೆಂಬುದನ್ನು ನಮ್ಮಲ್ಲಿ ಹಬ್ಬಗಳೇ ಗೊತ್ತುಮಾಡಿದ್ದವು.

ಮನೆ ತೊಳೆಯುವ ಸಂಪ್ರದಾಯ ನಮ್ಮದೊಂದೇ ಅಲ್ಲ. ಇರಾನಿನಲ್ಲಿ ವಸಂತದ ನವರೋಜ್ ಹಬ್ಬಕ್ಕೆ ಮೊದಲು ಮನೆಯನ್ನೇ 'ಒದರುವ' ಪದ್ಧತಿಯಿದೆ. ಯೆಹೂದಿಗಳು ಪಾಸ್ಓವರ್ ಹಬ್ಬಕ್ಕೆ ಮುನ್ನ ಹುಳಿಹಿಟ್ಟಿನ ಒಂದು ಚೂರೂ ಉಳಿಯದಂತೆ ಮೂಲೆಮೂಲೆ ಗುಡಿಸುತ್ತಾರೆ. ಜಪಾನಿನ ಎದೋ ಕೋಟೆಯಲ್ಲಿ ವರ್ಷದ ಕೊನೆಯ ತಿಂಗಳ 13ನೆಯ ದಿನ ಮಸಿ ಗುಡಿಸುವ ದಿನವಾಗಿತ್ತು. ಊರಿನ ಜನರೂ ಅದನ್ನೇ ಅನುಸರಿಸಿದರು. ಇವೆಲ್ಲ ವರ್ಷಕ್ಕೊಮ್ಮೆ ಬರುವ ದೊಡ್ಡ ಗುಡಿಸಾಟಗಳು. ನಮ್ಮ ಕಡೆ ಯುಗಾದಿಗೆ ಅಂಥದೊಂದು ಇದ್ದರೂ ಉಳಿದ ಕೆಲಸ ವರ್ಷವಿಡೀ ಹಂಚಿಹೋಗಿದೆ.

ಋತುವಿಗೆ ಹೊಂದಿದ ಲೆಕ್ಕ

ಯುಗಾದಿಯಿಂದಲೇ ಆರಂಭಿಸೋಣ. ಸುಗ್ಗಿ ಮುಗಿದಿರುತ್ತದೆ, ಮಳೆ ಇನ್ನೂ ದೂರ. ಬಿಸಿಲು ಬಲವಾಗಿರುವ ಈ ದಿನಗಳಲ್ಲಿ ಹಾಸಿಗೆ, ದಿಂಬು, ಕಂಬಳಿಗಳನ್ನು ಅಂಗಳಕ್ಕೆ ತಂದು ಒಣಹಾಕಬಹುದು. ಒಳಗೆ ಖಾಲಿಯಾದ ಗೋಡೆಗೆ ಸುಣ್ಣ ಬಳಿಯಬಹುದು. ನೀರಿನಲ್ಲಿ ಅರಳಿದ ಸುಣ್ಣ ತೀಕ್ಷ್ಣವಾದ ಕ್ಷಾರ. ಗೋಡೆಯ ಸಂದಿನ ಹುಳುಹುಪ್ಪಟೆಗಳಿಗೂ ಬೂಷ್ಟಿಗೂ ಅದು ಆಗದು. ಬಳಿದ ಮೇಲೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಅದು ಮತ್ತೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಒಣಹವೆಯಲ್ಲಿ ಈ ಕೆಲಸ ಚೆನ್ನಾಗಿ ಆಗುತ್ತದೆಂಬುದನ್ನು ರಸಾಯನಶಾಸ್ತ್ರ ಓದದವರೂ ಅನುಭವದಿಂದ ಕಂಡುಕೊಂಡಿದ್ದರು.

ಮಳೆಗಾಲ ಕಳೆದು ಆಶ್ವಯುಜ ಬಂದರೆ ಎರಡನೆಯ ಸರದಿ. ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳಲ್ಲಿ ಪೆಟ್ಟಿಗೆ ಇಳಿಸಲು ಅಟ್ಟ ಹತ್ತಲೇಬೇಕು. ಹತ್ತಿದವರಿಗೆ ಸೋರಿದ ಹೆಂಚು, ಗೆದ್ದಲು ಹಿಡಿದ ತೊಲೆ, ಇಲಿ ಕಡಿದ ಮೂಟೆ ತಾನಾಗಿ ಕಣ್ಣಿಗೆ ಬೀಳುತ್ತವೆ. ಮೂಲಾ ನಕ್ಷತ್ರದ ದಿನ ಸರಸ್ವತಿ ಪೂಜೆ. ಪುಸ್ತಕಗಳನ್ನು ಕೆಳಗಿಳಿಸಿ, ಧೂಳು ಕೊಡವಿ, ಅಡಕವಾಗಿ ಜೋಡಿಸಿ ಪೂಜೆಗಿಡುವ ದಿನ. ತೇವ ಕುಡಿದ ಕಾಗದಕ್ಕೆ ಬೂಷ್ಟು ಹಿಡಿಯುವ ಕಾಲವೂ ಅದೇ. ನವಮಿಯಂದು ಆಯುಧಪೂಜೆ. ನೇಗಿಲು, ಕುಡುಗೋಲು, ಬಾಚಿ, ತಕ್ಕಡಿಗಳೆಲ್ಲ ಹೊರಬಂದು ತುಕ್ಕು ಉಜ್ಜಿಸಿಕೊಂಡು ಎಣ್ಣೆ ಕುಡಿಯುತ್ತವೆ. ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರು 1610ರಲ್ಲಿ ಆರಂಭಿಸಿದ ದಸರೆಯಲ್ಲಿ ಅರಮನೆಯ ಖಡ್ಗಗಳಿಗೆ ಸಲ್ಲುವ ಗೌರವವೇ ಕಮ್ಮಾರನ ಕುಲುಮೆಯ ಸುತ್ತಿಗೆಗೂ ಸಲ್ಲುತ್ತದೆ. ಪುಸ್ತಕವೂ ಅಟ್ಟವೂ ಇಲ್ಲದ ಮನೆಗಳು ನಾಡಿನಲ್ಲಿ ಬೇಕಾದಷ್ಟಿದ್ದವು. ದುಡಿಯುವ ಕೈಗೆ ಒಂದು ಹತಾರವಿಲ್ಲದ ಮನೆ ವಿರಳ.

ಮೂರು ವಾರ ಕಳೆದರೆ ನೀರು ತುಂಬುವ ಹಬ್ಬ. ಇದು ಸಂಪೂರ್ಣವಾಗಿ ಬಚ್ಚಲುಮನೆಯ ಹಬ್ಬ. ವರ್ಷವೆಲ್ಲ ಹೊಗೆಗೆ ಕಪ್ಪಾದ ತಾಮ್ರದ ಹಂಡೆಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ, ಒಲೆಯ ಬೂದಿ ತೆಗೆದು, ಪಾಚಿ ಕಟ್ಟಿದ ಕಲ್ಲುಚಪ್ಪಡಿ ಉಜ್ಜಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು, ಹೂವು ಮುಡಿಸಿ ನೀರು ತುಂಬುತ್ತಾರೆ. ಮರುದಿನ ನರಕ ಚತುರ್ದಶಿಯ ಎಣ್ಣೆಸ್ನಾನಕ್ಕೆ ಅದೇ ನೀರು. ಅಂಗಡಿಯವರಿಗೆ ಲಕ್ಷ್ಮೀಪೂಜೆಯ ಹೊತ್ತಿಗೆ ಹಳೆಯ ಲೆಕ್ಕ ಮುಗಿಸಿ ಹೊಸ ಖಾತೆಪುಸ್ತಕ ತೆರೆಯುವ ಕೆಲಸ. ಬಲಿಪಾಡ್ಯಮಿ ಬಂದರೆ ಕೊಟ್ಟಿಗೆಯ ಸರದಿ. ಉತ್ತರ ಕರ್ನಾಟಕದಲ್ಲಿ ಅದಕ್ಕೆ ಹಟ್ಟಿ ಹಬ್ಬವೆಂದೇ ಹೆಸರು. ಸಗಣಿಯಿಂದ ಪಾಂಡವರನ್ನು ಮಾಡಿ ಪೂಜಿಸುತ್ತಾರೆ. ಹೊಸ ಧಾನ್ಯ ಮನೆಗೆ ಬರುವ ಸಂಕ್ರಾಂತಿಯ ಸುಮಾರಿಗೆ ಕಣಜ, ವಾಡೆಗಳನ್ನು ಬರಿದು ಮಾಡಿ ಸಗಣಿ ಸಾರಿಸುವುದು ಒಕ್ಕಲುಮನೆಗಳ ಕ್ರಮ.

ಹೀಗೆ ನೋಡಿದರೆ ವರ್ಷ ತಿರುಗುವಷ್ಟರಲ್ಲಿ ಗೋಡೆ, ಅಟ್ಟ, ಪುಸ್ತಕ, ಹತಾರ, ಬಚ್ಚಲು, ಲೆಕ್ಕ, ಕೊಟ್ಟಿಗೆ, ಕಣಜ ಎಲ್ಲಕ್ಕೂ ಒಂದೊಂದು ದಿನ ಸಿಕ್ಕಿರುತ್ತದೆ. ಇದನ್ನೆಲ್ಲ ಯಾರೋ ಒಬ್ಬರು ಕುಳಿತು ಯೋಜಿಸಿದರೆಂದು ಹೇಳುವಂತಿಲ್ಲ. ಬೇಸಾಯದ ಬಿಡುವು, ಮಳೆ-ಬಿಸಿಲು, ದೇವರ ಮೇಲಿನ ಭಕ್ತಿ ಒಟ್ಟುಗೂಡಿ ಬೆಳೆದ ಪದ್ಧತಿ ಇದು.

ಇದರಲ್ಲಿ ಎಲ್ಲವೂ ಚೆಂದವಾಗಿತ್ತೆಂದೂ ತಿಳಿಯಬೇಕಾಗಿಲ್ಲ. ಹಬ್ಬದ ಹಿಂದಿನ ದಿನ ಸೊಂಟ ಬಿದ್ದುಹೋಗುವಂತೆ ದುಡಿದವರು ಬಹುಮಟ್ಟಿಗೆ ಹೆಂಗಸರು. ಉಳ್ಳವರ ಮನೆಯ ಕೊಟ್ಟಿಗೆಯ ಕಸ ಹೊತ್ತವರು ಆಳುಗಳು. ಹಬ್ಬದ ವರ್ಣನೆಗಳಲ್ಲಿ ಇವರ ದಣಿವಿನ ಪ್ರಸ್ತಾಪ ಬರುವುದು ಕಡಿಮೆ. ಆದರೆ ಯಾವ ವಸ್ತು ಎಲ್ಲಿದೆ, ಏಕಿದೆ, ಇನ್ನೆಷ್ಟು ದಿನ ಬಾಳುತ್ತದೆ ಎಂಬ ತಿಳಿವಳಿಕೆಯೂ ಹೀಗೆ ದುಡಿದವರಲ್ಲೇ ಇತ್ತು. ವಸ್ತುವಿನ ಗುರುತುಳ್ಳವರೇ ಅದನ್ನು ಇಡುವ, ಬಿಡುವ ತೀರ್ಮಾನ ಮಾಡುತ್ತಿದ್ದರು. ಆ ಗುರುತು ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಗ್ರಂಥಗಳ ಚರಿತ್ರೆಯೇ ಸಾಕ್ಷಿ.

ಹೊಳೆ ಸೇರಿದ ಓಲೆಗರಿ

ತಾಡೋಲೆಯ ಪುಸ್ತಕಕ್ಕೆ ಆರೈಕೆ ಬೇಕು. ಆಗಾಗ ಬಿಚ್ಚಿ, ಧೂಳು ಒರಸಿ, ಎಣ್ಣೆ ಸವರಿ, ಮತ್ತೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿಡಬೇಕು. ನಮ್ಮ ಹವೆಯಲ್ಲಿ ಎಷ್ಟೇ ಜೋಪಾನ ಮಾಡಿದರೂ ಕೆಲವು ತಲೆಮಾರುಗಳಾದ ಮೇಲೆ ಹೊಸ ಗರಿಗೆ ಪ್ರತಿಮಾಡಿಕೊಳ್ಳಲೇಬೇಕು. ಓದುವವರಿರುವ ತನಕ ಈ ಸರಪಳಿ ನಡೆಯಿತು. ಅಚ್ಚಿನ ಪುಸ್ತಕ ಬಂದು, ಹಳೆಯ ಲಿಪಿ ಓದಲು ಬಾರದ ತಲೆಮಾರು ಮನೆಯ ಯಜಮಾನಿಕೆ ವಹಿಸಿಕೊಂಡಾಗ ಅದು ಕಡಿಯಿತು. ಅಟ್ಟದ ಮೇಲಿನ ಕಟ್ಟು ಅವರಿಗೆ ಹುಳು ಹಿಡಿದ ಗರಿಯಾಗಿ ಮಾತ್ರ ಕಂಡಿತು.

ತಮಿಳಿನ ಪ್ರಾಚೀನ ಕಾವ್ಯಗಳನ್ನು ಹುಡುಕಿ ಅಚ್ಚುಹಾಕಿಸಿದ ಉ.ವೇ. ಸ್ವಾಮಿನಾಥ ಅಯ್ಯರ್ (1855-1942) ತಮ್ಮ ಆತ್ಮಕಥೆಯಲ್ಲಿ ಈ ದುಃಖವನ್ನು ದಾಖಲಿಸಿದ್ದಾರೆ. ಓಲೆಗಳನ್ನರಸಿ ಊರೂರು ಅಲೆಯುವಾಗ ಅವರಿಗೆ ದೊರೆತ ಉತ್ತರಗಳಲ್ಲಿ ಒಂದು, ಆಡಿ ಮಾಸದ ಹದಿನೆಂಟರ ಹೊಸನೀರಿನ ಹಬ್ಬದಂದು ಅವನ್ನು ಹೊಳೆಗೆ ಬಿಟ್ಟೆವು ಎಂಬುದು. ಬಿಟ್ಟವರು ದುಷ್ಟರಾಗಿರಲಿಲ್ಲ. ಪವಿತ್ರವಾದದ್ದನ್ನು ತಿಪ್ಪೆಗೆಸೆಯಬಾರದು, ಹರಿಯುವ ನೀರಿಗೆ ಬಿಡಬೇಕು ಎಂಬ ಭಕ್ತಿಯಿಂದಲೇ ಬಿಟ್ಟಿದ್ದರು. ಮನೆ ಹಗುರವಾಯಿತು, ಒಂದು ಭಾಷೆಯ ಸಂಪತ್ತು ನೀರುಪಾಲಾಯಿತು.

ಕನ್ನಡದಲ್ಲಿ ಇದೇ ನಷ್ಟವನ್ನು ತಡೆಯಲು ಹೊರಟವರಲ್ಲಿ ಬಿಜಾಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿ (1880-1964) ಪ್ರಮುಖರು. ಮಠಗಳಲ್ಲಿ, ಮನೆಗಳಲ್ಲಿ ಬಟ್ಟೆ ಸುತ್ತಿಟ್ಟಿದ್ದ ವಚನಗಳ ಕಟ್ಟುಗಳನ್ನು ಕೇಳಿ ಪಡೆದು, ಓದಿ, ಹೋಲಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. 1925ರಲ್ಲಿ ಬಿಜಾಪುರದಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನೇ ಸ್ಥಾಪಿಸಿದರು. ಮರುವರ್ಷ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಪೂಜೆಗಿಟ್ಟ ಗ್ರಂಥ ಪೂಜೆಯ ದೆಸೆಯಿಂದ ಉಳಿದುಕೊಂಡಿದ್ದು ನಿಜ. ಬಿಚ್ಚಿ ಓದಿದ ಮೇಲೆಯೇ ಅದು ನಾಡಿಗೆ ದಕ್ಕಿತು.

ಮೈಸೂರಿನ ಕಥೆ ಇನ್ನೂ ಪ್ರಸಿದ್ಧ. 1891ರಲ್ಲಿ ಸ್ಥಾಪನೆಯಾದ ಓರಿಯೆಂಟಲ್ ಲೈಬ್ರರಿಗೆ 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ಓಲೆಗ್ರಂಥವನ್ನು ತಂದೊಪ್ಪಿಸಿದರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ನೋಡಿದರೆ ಅದು ಕೌಟಿಲ್ಯನ 'ಅರ್ಥಶಾಸ್ತ್ರ'! ಹೆಸರು ಮಾತ್ರ ಕೇಳಿಬರುತ್ತಿದ್ದ, ಕಳೆದೇಹೋಯಿತೆಂದು ವಿದ್ವಾಂಸರು ಭಾವಿಸಿದ್ದ ಆ ಗ್ರಂಥ 1909ರಲ್ಲಿ ಅಚ್ಚಾಯಿತು. ಆ ಪಂಡಿತರು ತಮ್ಮಲ್ಲಿದ್ದ ಕಟ್ಟನ್ನು ಹೊಳೆಗೆ ಬಿಡದೆ ಗ್ರಂಥಾಲಯಕ್ಕೆ ತಂದುಕೊಟ್ಟದ್ದರಿಂದ ಪ್ರಾಚೀನ ಭಾರತದ ರಾಜ್ಯಾಡಳಿತದ ಚಿತ್ರವೇ ಬದಲಾಯಿತು.

ಸರ್ಕಾರವೇ ಮನೆ ಗುಡಿಸಿದಾಗ

ಗುರುತಿಲ್ಲದವರು ಮನೆ ಖಾಲಿ ಮಾಡಿದರೆ ಏನಾಗುತ್ತದೆಂಬುದಕ್ಕೆ ಇನ್ನೊಂದು ಉದಾಹರಣೆ ಪ್ಲೇಗಿನ ಕಾಲದ್ದು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಹುಬ್ಬಳ್ಳಿಯನ್ನು ಮುಟ್ಟಿ, 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೂ ಕಾಲಿಟ್ಟಿತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಅಧಿಕಾರಿಗಳಿಗೆ ಅಪಾರ ಅಧಿಕಾರ ಕೊಟ್ಟಿತು. ಪುಣೆಯಲ್ಲಿ ಡಬ್ಲ್ಯು.ಸಿ. ರ‍್ಯಾಂಡ್ ಎಂಬ ಅಧಿಕಾರಿಯ ಕೈಕೆಳಗೆ ಸೈನಿಕರು ಮನೆಮನೆ ಹೊಕ್ಕರು. ಅಡುಗೆಮನೆ, ದೇವರಮನೆ ಎಂಬ ಭೇದವಿಲ್ಲದೆ ಸಾಮಾನು ಹೊರಗೆಸೆದರು. ಅಪಾಯಕಾರಿ ಎಂದು ಕಂಡದ್ದನ್ನು ಸುಟ್ಟರು. ಜನರ ಕ್ರೋಧ ಹೊತ್ತಿ ಉರಿಯಿತು. 1897ರ ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ಸಮಾರಂಭದಿಂದ ಮರಳುತ್ತಿದ್ದ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು.

ರೋಗದ ಮಟ್ಟಿಗೆ ಅಧಿಕಾರಿಗಳ ಭಯ ಸುಳ್ಳಾಗಿರಲಿಲ್ಲ. ಇಲಿಯ ಮೈಮೇಲಿನ ಚಿಗಟವೇ ಪ್ಲೇಗನ್ನು ಹರಡುತ್ತದೆಂದು ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ. ಕತ್ತಲೆಯ ಕೋಣೆ, ಧಾನ್ಯದ ಮೂಟೆ, ಕದಲಿಸದೆ ಬಿಟ್ಟ ರಾಶಿಗಳೇ ಇಲಿಗಳ ನೆಲೆ. ಮನೆ ಶುಚಿಯಾಗಬೇಕಿತ್ತು. ಆದರೆ ಮನೆಯವರನ್ನು ಬೀದಿಯಲ್ಲಿ ನಿಲ್ಲಿಸಿ, ಬೂಟುಕಾಲಿನಲ್ಲಿ ಒಳಹೊಕ್ಕು ಮಾಡಿದ ಶುಚಿ ಜನರಿಗೆ ರೋಗಕ್ಕಿಂತ ಘೋರವೆನಿಸಿತು. ಬೆಂಗಳೂರಿನಲ್ಲಿ ಪ್ಲೇಗಿನ ಪಾಠ ಬಡಾವಣೆಗಳ ನಕ್ಷೆಯಲ್ಲಿ ಉಳಿಯಿತು. ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ಬೀದಿ, ಮನೆಗಳ ಹಿಂದಿನ ಕನ್ಸರ್ವೆನ್ಸಿ ಓಣಿಗಳು ಗಾಳಿ, ಬೆಳಕು, ಕಸದ ಬಗ್ಗೆ ಹೊಸದಾಗಿ ಯೋಚಿಸಿದ ಕಾಲದ ಗುರುತುಗಳು.

ಹೊರಹೋದದ್ದು ಎಲ್ಲಿಗೆ?

ಹಿಂದಿನ ಮನೆಗಳಲ್ಲಿ ಬಿಸಾಡುವುದಕ್ಕೆ ಮುನ್ನ ಹಲವು ಮೆಟ್ಟಿಲುಗಳಿದ್ದವು. ಹರಿದ ಸೀರೆ ಕೌದಿಯಾಗುತ್ತಿತ್ತು. ಕಿಲುಬುವ ಹಿತ್ತಾಳೆಯ ಪಾತ್ರೆ ಕಲಾಯಿಯವನ ಕೈಸೇರಿ ಹೊಸತಾಗಿ ಬರುತ್ತಿತ್ತು. ಹಳೆಯ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು ಬಾಗಿಲಿಗೆ ಬಂದಾಗ ಅರ್ಧ ಗಂಟೆ ಚೌಕಾಸಿ ನಡೆಯುತ್ತಿತ್ತು. ಬೂದಿ, ಸಗಣಿ, ತರಕಾರಿ ಸಿಪ್ಪೆ ತಿಪ್ಪೆಗೆ ಹೋಗಿ ಗೊಬ್ಬರವಾಗುತ್ತಿದ್ದವು.

ಪ್ಲಾಸ್ಟಿಕ್ಕಿಗೆ ಈ ಮೆಟ್ಟಿಲುಗಳಿಲ್ಲ. ತಮಿಳುನಾಡಿನಲ್ಲಿ ಭೋಗಿಯ ಮುಂಜಾನೆ ಹಳೆಯ ಚಾಪೆ, ಪೊರಕೆ ಸುಡುವುದು ವಾಡಿಕೆ. ಆ ಬೆಂಕಿಗೆ ಟೈರು, ಪ್ಲಾಸ್ಟಿಕ್ಕುಗಳೂ ಬೀಳತೊಡಗಿದ ಮೇಲೆ ಹಬ್ಬದ ಹೊಗೆ ವಿಷವಾಯಿತು. 2018ರ ಜನವರಿ 13ರ ಭೋಗಿಯಂದು ಹೊಗೆಮಂಜು ಕವಿದು ಚೆನ್ನೈ ವಿಮಾನ ನಿಲ್ದಾಣದ ಸಂಚಾರವೇ ಅಸ್ತವ್ಯಸ್ತವಾಯಿತು. ನಮ್ಮ ಬೆಂಗಳೂರಿನ ಕಥೆಯೂ ಹೆಮ್ಮೆಪಡುವಂಥದಲ್ಲ. ನಗರದ ಮನೆಗಳು ಹೊರಹಾಕಿದ ಕಸ ಮಾವಳ್ಳಿಪುರ, ಮಂಡೂರುಗಳಲ್ಲಿ ಬೆಟ್ಟವಾಗಿ ಬೆಳೆಯಿತು. ಅಲ್ಲಿನ ಹಳ್ಳಿಗರು ಬೀದಿಗಿಳಿದ ಮೇಲೆ 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿತು. ಮಂಡೂರಿಗೆ ಕಸದ ಲಾರಿ ಹೋಗುವುದು 2014ರ ಕೊನೆಯಲ್ಲಿ ನಿಂತಿತು. ಒಬ್ಬರ ಮನೆ ಹಗುರವಾದಾಗ ಇನ್ನೊಬ್ಬರ ಊರು ಭಾರವಾಗಬಲ್ಲದೆಂಬುದನ್ನು ನಗರ ಹೀಗೆ ಕಲಿಯಬೇಕಾಯಿತು.

ಇಂದಿನ ಎರಡು ಕೋಣೆಯ ಫ್ಲಾಟಿನಲ್ಲಿ ಹಂಡೆಯಿಲ್ಲ, ಕೊಟ್ಟಿಗೆಯಿಲ್ಲ. ಅಟ್ಟದ ಜಾಗದಲ್ಲಿ ಮಂಚದಡಿಯ ಸೂಟ್‌ಕೇಸುಗಳಿವೆ. ಹಬ್ಬದ ಹೆಸರಿನಲ್ಲಿ ಅಂಗಡಿಗಳು ಹೊಸ ಸಾಮಾನು ಕೊಳ್ಳಲು ಕರೆಯುತ್ತವೆ. ಆದರೂ ಹಳೆಯ ಲೆಕ್ಕವನ್ನು ಇಂದಿಗೆ ಹೊಂದಿಸಿಕೊಳ್ಳುವುದು ಕಷ್ಟವೇನಲ್ಲ. ಯುಗಾದಿಗೆ ಬಟ್ಟೆಬರೆ, ಸರಸ್ವತಿ ಪೂಜೆಗೆ ಪುಸ್ತಕ-ಕಾಗದ, ಆಯುಧಪೂಜೆಗೆ ಕೆಟ್ಟ ಮಿಕ್ಸಿ, ವೈರುಗಳ ಗಂಟು, ನೀರು ತುಂಬುವ ಹಬ್ಬಕ್ಕೆ ಬಚ್ಚಲು ಎಂದಿಟ್ಟುಕೊಂಡರೆ ವರ್ಷ ತುಂಬುವಷ್ಟರಲ್ಲಿ ಮನೆಯೆಲ್ಲ ಒಮ್ಮೆ ಕೈಗೆ ಬಂದಿರುತ್ತದೆ. ಕೆಲಸ ಅಮ್ಮ ಒಬ್ಬರ ಪಾಲಿಗೆ ಬೀಳದೆ ಮನೆಮಂದಿಗೆಲ್ಲ ಹಂಚಿಹೋಗಬೇಕು, ಅಷ್ಟೆ.

ಅಜ್ಜನ ಪೆಟ್ಟಿಗೆಯ ತಳದಲ್ಲಿ ಓದಲು ಬಾರದ ಅಕ್ಷರದ ಗರಿಗಳೋ, ಮೋಡಿ ಲಿಪಿಯ ಕಾಗದಗಳೋ ಸಿಕ್ಕರೆ ರದ್ದಿಗೆ ಹಾಕುವ ಮುನ್ನ ಬಲ್ಲವರೊಬ್ಬರಿಗೆ ತೋರಿಸುವುದು ಒಳ್ಳೆಯದು. 1905ರಲ್ಲಿ ಮೈಸೂರಿಗೆ ಬಂದ ಆ ಕಟ್ಟೂ ಹೊರನೋಟಕ್ಕೆ ಹಳೆಯ ಗರಿಗಳ ಕಂತೆಯೇ ಆಗಿತ್ತು.